ಗಾಳಿಚೆಂಡು ಬಾಹ್ಯಾಕಾಶದ ಭೂತವಾದ ಕತೆ

ಅದು ಚೆಂಡು! ಗೋಕರ್ಣದ ದಂಡೆಯಲ್ಲಿ ಮಕ್ಕಳು ಊದಿ ಆಡುತ್ತಾರಲ್ಲ, ಅಂಥದೇ ದೊಡ್ಡ ಗಾಳಿಚೆಂಡು. ಬಣ್ಣ ಬಳಿದು, ಕೆಳಗೆ ಎರಡು ರಬ್ಬರ್ ಪಂಜ ಅಂಟಿಸಿ, ಅನ್ಯಗ್ರಹದ ಜೀವಿ ಎಂದು ಬಾಹ್ಯಾಕಾಶ ನೌಕೆಯೊಳಗೆ ಬಿಟ್ಟಿದ್ದಾರೆ. ಗಗನಯಾತ್ರಿ ಪೊರಕೆ ಹಿಡಿದು ಅದರ ಬೆನ್ನು ಹತ್ತುತ್ತಾನೆ. ಕೊನೆಗೆ ಲಿಫ್ಟಿನ ಬಾವಿಯಲ್ಲಿ ನೇತಾಡುವ ಗತಿ ಬರುವುದು ಅವನಿಗೇ!

ನಮ್ಮ ದಾಸನಕೊಪ್ಪದಲ್ಲಿ ಕೂತು ಅಂಗೈಯಗಲದ ಮೊಬೈಲಿನಲ್ಲಿ ನೋಡಿದರೂ ಈ ದೃಶ್ಯ ಒಮ್ಮೆ ನಗಿಸಿ, ಮರುಕ್ಷಣ ಕೈಬೆವರುವಂತೆ ಮಾಡುತ್ತದೆ. ಸಿನಿಮಾದ ಹೆಸರು 'ಡಾರ್ಕ್ ಸ್ಟಾರ್'. 1970ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದುತ್ತಿದ್ದ ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಒಬ್ಯಾನನ್ ಶುರು ಮಾಡಿದರು, ತೆರೆ ಕಂಡದ್ದು 1974ರಲ್ಲಿ. ಒಟ್ಟು ಖರ್ಚು ಸುಮಾರು 60,000 ಡಾಲರ್. ಗಗನಯಾತ್ರಿಯ ಎದೆಯ ಮೇಲಿನ ಯಂತ್ರವನ್ನು ದಿಟ್ಟಿಸಿ ನೋಡಿ, ಇಡ್ಲಿ ತಟ್ಟೆಯ ತಮ್ಮನಂತಿರುವ ಕೇಕಿನ ಅಚ್ಚು ಅದು! ಆ ಲಿಫ್ಟಿನ ಬಾವಿಯೂ ಬಾವಿಯಲ್ಲ. ನೆಲದ ಮೇಲೆ ಅಡ್ಡ ಮಲಗಿಸಿದ ಸೆಟ್. ನಟ ನೇತಾಡುತ್ತಿಲ್ಲ, ಮಲಗಿದ್ದಾನೆ. ಕ್ಯಾಮೆರಾ ಓರೆಯಾದದ್ದೇ ತಡ, ನಮ್ಮ ಹೊಟ್ಟೆಯೊಳಗೆ ಪ್ರಪಾತ ತೆರೆದುಕೊಳ್ಳುತ್ತದೆ. ಆ ಮಲಗಿದವನು ಬೇರೆ ಯಾರೂ ಅಲ್ಲ, ಒಬ್ಯಾನನ್ನೇ. ಕಾರ್ಪೆಂಟರ್ ಜೊತೆ ಕತೆ ಬರೆದವನು, ಸಂಕಲನ ಮಾಡಿದವನು, ಪೊರಕೆ ಹಿಡಿದವನು ಎಲ್ಲ ಒಬ್ಬನೇ ಪುಣ್ಯಾತ್ಮ.

ತಮಾಷೆಗೆಂದು ಮಾಡಿದ ಸಿನಿಮಾ ಅದು. ಆದರೆ ಜನ ನಗಬೇಕಾದಲ್ಲಿ ನಗಲಿಲ್ಲ. ಒಬ್ಯಾನನ್ನನ ತಲೆಯಲ್ಲಿ ಹೊಸ ಹುಳ ಹೊಕ್ಕಿತು: ನಗಿಸಲಾಗದಿದ್ದರೆ ಹೆದರಿಸಿದರಾಯಿತು! ಅದೇ ನೌಕೆ, ಅದೇ ಬೇಸತ್ತ ಕೆಲಸಗಾರರು, ಒಳಹೊಕ್ಕ ಅದೇ ಅನ್ಯಜೀವಿ. ಈ ಸಲ ನಗು ಮಾತ್ರ ಇಲ್ಲ. ಅದು 1979ರ 'ಏಲಿಯನ್'. ಜಗತ್ತನ್ನೇ ನಡುಗಿಸಿದ ಆ ರಾಕ್ಷಸನ ಅಜ್ಜ ಒಂದು ಗಾಳಿಚೆಂಡು ಎಂದರೆ ನಂಬುತ್ತೀರಾ?

'ಏಲಿಯನ್' ಬಡವರ ಸಿನಿಮಾ ಅಲ್ಲ, ಒಂದು ಕೋಟಿ ಡಾಲರಿಗೂ ಮೀರಿ ಖರ್ಚಾಗಿತ್ತು. ಆದರೂ ಅದರ ಹೊಟ್ಟೆ ಬಗೆದು ನೋಡಿದರೆ ಸಿಗುವುದು ಅಡುಗೆಮನೆ ಬುದ್ಧಿಯೇ. ಮುಖಕ್ಕೆ ಅಮರಿಕೊಳ್ಳುವ ಜೀವಿಯನ್ನು ಕುಯ್ದು ನೋಡುವ ದೃಶ್ಯವಿದೆಯಲ್ಲ, ಅದರ ಕರುಳು ಮೀನು ಮಾರ್ಕೆಟ್ಟಿನ ಸಿಂಪಿಯ ಮಾಂಸ, ಕುರಿಯ ಮೂತ್ರಪಿಂಡ. ಮೊಟ್ಟೆಯೊಳಗೆ ಮಿಸುಕಾಡುವುದು ರಬ್ಬರ್ ಗವಸು ತೊಟ್ಟ ನಿರ್ದೇಶಕ ರಿಡ್ಲಿ ಸ್ಕಾಟರ ಕೈ. ನೌಕೆ ಬೃಹತ್ತಾಗಿ ಕಾಣಲಿ ಎಂದು ತಮ್ಮ ಮಕ್ಕಳಿಗೇ ಪುಟ್ಟ ಗಗನಯಾತ್ರಿ ಉಡುಪು ತೊಡಿಸಿ ನಿಲ್ಲಿಸಿದ್ದರು! ರಾಕ್ಷಸನ ವೇಷದೊಳಗಿದ್ದವನು ಬೊಲಾಜಿ ಬಡೇಜೊ ಎಂಬ ಏಳಡಿಗೆ ಹತ್ತಿರದ ನೈಜೀರಿಯಾದ ಹುಡುಗ, ಲಂಡನ್ನಿನಲ್ಲಿ ವಿನ್ಯಾಸ ಕಲಿಯುತ್ತಿದ್ದ ವಿದ್ಯಾರ್ಥಿ.

ಇನ್ನೂ ಹಿಂದೆ ಹೋದರೆ 1965ರಲ್ಲಿ ಇಟಲಿಯ ನಿರ್ದೇಶಕ ಮಾರಿಯೊ ಬಾವಾ ಸಿಗುತ್ತಾರೆ. 'ಪ್ಲಾನೆಟ್ ಆಫ್ ದಿ ವ್ಯಾಂಪೈರ್ಸ್'ಗೆ ಇಡೀ ಗ್ರಹವನ್ನೇ ಕಟ್ಟಬೇಕಿತ್ತು. ಅವರ ಕೈಲಿದ್ದದ್ದು ಯಾವುದೋ ಪೌರಾಣಿಕ ಚಿತ್ರದಲ್ಲಿ ಮಿಕ್ಕ ಎರಡೇ ಎರಡು ಪ್ಲಾಸ್ಟಿಕ್ ಬಂಡೆ. ಅವನ್ನು ಅಲ್ಲಿಂದಿಲ್ಲಿ ಜರುಗಿಸಿ, ಕನ್ನಡಿ ಇಟ್ಟು, ಹೊಗೆ ತುಂಬಿ ಗ್ರಹ ಕಟ್ಟಿದರು!

ಹೊಟ್ಟೆ ತೊಳಸುವ ಪವಾಡವೂ ಉಂಟು. 1981ರಲ್ಲಿ ಅಗ್ಗದ ಚಿತ್ರಗಳ ಸರದಾರ ರೋಜರ್ ಕಾರ್ಮನ್ 'ಗ್ಯಾಲಕ್ಸಿ ಆಫ್ ಟೆರರ್' ತೆಗೆಸುತ್ತಿದ್ದರು. ನೌಕೆಯ ಗೋಡೆಗೆ ಅಂಟಿಸಿದ್ದು ಬರ್ಗರ್ ಕಟ್ಟಿಕೊಡುವ ಥರ್ಮೋಕೋಲ್ ಡಬ್ಬಿ. ಒಂದು ದೃಶ್ಯಕ್ಕೆ ತುಂಡಾದ ಕೈಯ ಮೇಲೆ ಹುಳು ಕಿಲಬಿಲ ಹರಿದಾಡಬೇಕು, ಹುಳುಗಳೋ ಮಿಸುಕುತ್ತಿಲ್ಲ. ಸೆಟ್ ಹಾಕುವ ಒಬ್ಬ ತರುಣ ಆ ಕೈಗೆ ಗುಟ್ಟಾಗಿ ವಿದ್ಯುತ್ ತಂತಿ ಜೋಡಿಸಿದ. ಕ್ಯಾಮೆರಾ ಓಡಿದ್ದೇ ಕರೆಂಟು ಹರಿಯಿತು, ಹುಳುಗಳೆಲ್ಲ ಎದ್ದು ಕುಣಿದವು! ನೋಡುತ್ತಿದ್ದ ಬೇರೆ ನಿರ್ಮಾಪಕರು ಬೆರಗಾಗಿ ಅವನಿಗೆ ನಿರ್ದೇಶನದ ಅವಕಾಶ ಕೊಟ್ಟರಂತೆ. ಆ ತರುಣ ಜೇಮ್ಸ್ ಕ್ಯಾಮರಾನ್. 1986ರಲ್ಲಿ 'ಏಲಿಯನ್ಸ್' ಮಾಡಿದವನು, ಮುಂದೆ 'ಟೈಟಾನಿಕ್', 'ಅವತಾರ್' ಮಾಡಿದವನೂ ಅವನೇ.

ಇಷ್ಟೆಲ್ಲ ನೋಡುತ್ತ ಹೋದವನಿಗೆ ಥಟ್ಟನೆ ಹೊಳೆದದ್ದು ಶಿರಸಿಯ ಬೇಡರ ವೇಷ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಹೋಳಿಯ ಹಿಂದಿನ ರಾತ್ರಿಗಳಲ್ಲಿ ಅದು ಬೀದಿಗಿಳಿಯುತ್ತದೆ. ಮುಖಕ್ಕೆ ದಟ್ಟ ಬಣ್ಣ, ಹತ್ತಿಯ ಮೀಸೆ, ಬೆನ್ನಿಗೆ ನವಿಲುಗರಿಯ ಹರವು, ಕೈಯಲ್ಲಿ ಕತ್ತಿ ಗುರಾಣಿ. ತಮಟೆಯ ಪೆಟ್ಟು ಏರಿದ ಹಾಗೆ ವೇಷಧಾರಿ ಜನರ ಮೇಲೆ ನುಗ್ಗುತ್ತಾನೆ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನವರು ಜಗ್ಗಿ ಹಿಡಿದಿರುತ್ತಾರೆ. ನಿಜವಾಗಿ ಎದೆ ನಡುಗಿಸುವುದು ಆ ಹಗ್ಗ! ಒಳಗಿರುವವನು ನಮ್ಮದೇ ಕೇರಿಯ ಹುಡುಗ ಎಂದು ಗೊತ್ತಿದ್ದರೂ ಹಗ್ಗ ಕಂಡೊಡನೆ 'ಬಿಟ್ಟರೆ ಏನು ಮಾಡಿಬಿಡುತ್ತಾನೋ' ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ರಿಡ್ಲಿ ಸ್ಕಾಟ್ ಬಡೇಜೊನನ್ನು ಕತ್ತಲಲ್ಲಿ ಅಡಗಿಸಿ, ಎರಡು ತಾಸಿನ ಚಿತ್ರದಲ್ಲಿ ಕೆಲವೇ ನಿಮಿಷ ತೋರಿಸಿದ್ದೂ ಇದೇ ಲೆಕ್ಕದಲ್ಲಿ. ಭಯ ಹುಟ್ಟುವುದು ವೇಷದಲ್ಲಲ್ಲ, ತಡೆದು ಹಿಡಿದದ್ದರಲ್ಲಿ. ಹಗ್ಗಕ್ಕೆಷ್ಟು ರೊಕ್ಕ ಬೇಕು ಹೇಳಿ!

ರಕ್ಕಸರನ್ನು ಆಕಾಶಕ್ಕೆ ಹತ್ತಿಸುವ ಕೆಲಸ ನಮ್ಮ ದೇಶದಲ್ಲೂ ಆಗಿದೆ. ಆರತಿ ಕಡವ್ ನಿರ್ದೇಶಿಸಿದ 'ಕಾರ್ಗೋ' ಎಂಬ ಹಿಂದಿ ಚಿತ್ರ 2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ನೌಕೆಯ ಹೆಸರು ಪುಷ್ಪಕ್, ಅದರೊಳಗೆ ಒಂಟಿಯಾಗಿ ದುಡಿಯುವ ರಾಕ್ಷಸನ ಹೆಸರು ಪ್ರಹಸ್ತ! ಸತ್ತವರನ್ನು ಮರುಜನ್ಮಕ್ಕೆ ಸಿದ್ಧಗೊಳಿಸುವುದು ಅವನ ಡ್ಯೂಟಿ. ಹೆದರಿಸುವ ಚಿತ್ರವಲ್ಲ, ಆದರೆ ಯಕ್ಷಗಾನದ ಆಟಕ್ಕೆ ಬೆಳಗಿನ ತನಕ ಕೂರುವ ನಮ್ಮವರಿಗೆ ಪ್ರಹಸ್ತ ಯಾರೆಂದು ಪರಿಚಯ ಮಾಡಿಕೊಡಬೇಕಾಗಿಲ್ಲ. ದುಡ್ಡಿನ ಮಾತೋ, 2013ರ ಕನ್ನಡ ಚಿತ್ರ 'ಲೂಸಿಯಾ'ಕ್ಕೆ ನಿರ್ದೇಶಕ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಒಟ್ಟುಮಾಡಿ ತೋರಿಸಿದ್ದಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಲೇಜು ಹುಡುಗ ಹುಡುಗಿಯರೇ, ನಿಮ್ಮ ಕೈಲಿ ಕ್ಯಾಮೆರಾ ಇರುವ ಮೊಬೈಲಿದೆ, ಊರಲ್ಲಿ ಬಣ್ಣ ಬರೆಯುವ ಪ್ರಸಾಧನದವರಿದ್ದಾರೆ, ಮಳೆಗಾಲದ ಮಂಜು ಬಿಟ್ಟಿ ಸಿಗುತ್ತದೆ. ಮೊದಲು 'ಡಾರ್ಕ್ ಸ್ಟಾರ್' ನೋಡಿ, ಒಂದೂವರೆ ತಾಸೂ ಇಲ್ಲ. ಆಮೇಲೆ ನಿಮ್ಮ ನೌಕೆ ಕಟ್ಟಿ, ರಕ್ಕಸನನ್ನು ಒಳಗೆ ಬಿಡಿ. ಮೊದಲ ಪ್ರದರ್ಶನ ದಾಸನಕೊಪ್ಪದಲ್ಲೇ ಇಟ್ಟುಕೊಳ್ಳಿ. ಪರದೆ ಕಟ್ಟಲು ನಾನು ಬರುತ್ತೇನೆ.