ನೀರಿನ ಬೆರಕೆಯ ಲೆಕ್ಕ

ಬೆರಕೆಯ ಲೆಕ್ಕವು ನಮ್ಮ ನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದ ಮಿಶ್ರಕ ವ್ಯವಹಾರದಲ್ಲಿ, ಬೇರೆಬೇರೆ ಮಟ್ಟದ ಚಿನ್ನವನ್ನು ಕೂಡಿಸಿ ಕರಗಿಸುವ ಸಮಸ್ಯೆಗಳನ್ನು ವಿವರಿಸಿದ್ದಾನೆ. ಅಂದು ಚಿನ್ನಕ್ಕೆ ಸಂದ ಲೆಕ್ಕವು ಇಂದು ದುರ್ಗದ ಸೀಮೆಯ ನೀರಿಗೂ ಸಲ್ಲುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿದೆ. ಅಂಥ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುವುದು, ಮೂಳೆಗಳು ಕೆಡುವುವು. ಕಾಯಿಸಿದರೆ ದೋಷ ಹೋಗದು. ನೀರು ಆವಿಯಾದಷ್ಟೂ ಸಾಂದ್ರವಾಗುವುದು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಲೇಸು. ಬೇರೆ ನೀರಿಲ್ಲದಲ್ಲಿ 1.5 ಕಡೆಯ ಎಲ್ಲೆ.

ಒಂದು ಬಾವಿಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ, 1907ರಲ್ಲಿ ಮುಗಿದ ವಾಣೀವಿಲಾಸ ಸಾಗರದಂಥ ಜಲಾಶಯದ ನೀರಿನಲ್ಲಿ 0.5 ಇದೆಯೆಂದು ಉದಾಹರಣೆಗಾಗಿ ಭಾವಿಸೋಣ. ಬೆರೆತ ನೀರಿನಲ್ಲಿ 1 ಮಿಲಿಗ್ರಾಂ ಇರುವಂತೆ 10,000 ಲೀಟರು ಬೇಕು. ಬಾವಿಯ ಪಾಲು ‘ಕ’, ಜಲಾಶಯದ ಪಾಲು ‘ಖ’ ಆಗಲಿ.

ನೀರಿನ ಸಮೀಕರಣ: ಕ + ಖ = 10,000.
ಫ್ಲೋರೈಡಿನ ಸಮೀಕರಣ: 3ಕ + 0.5ಖ = 10,000.

ಮೊದಲನೆಯದನ್ನು ಅರ್ಧಿಸಿ ಎರಡನೆಯದರಿಂದ ಕಳೆದರೆ 2.5ಕ = 5,000. ಆದುದರಿಂದ ಕ = 2,000; ಖ = 8,000. ಐದು ಕೊಡಗಳಲ್ಲಿ ನಾಲ್ಕು ಜಲಾಶಯದಿಂದಲೇ ಬರಬೇಕು.

ಜಲಾಶಯವನ್ನು ಬಿಟ್ಟು, 2 ಮಿಲಿಗ್ರಾಮಿನ ಮತ್ತೊಂದು ಬಾವಿಯನ್ನು ತೆಗೆದುಕೊಂಡರೆ ‘ಕ’ವು ಋಣಸಂಖ್ಯೆಯಾಗುವುದು. ಎರಡು ಕೆಟ್ಟ ನೀರು ಕೂಡಿ ಒಳ್ಳೆಯದಾಗದೆಂಬುದೇ ಅದರ ಅರ್ಥ. ಅಂಥ ಊರಿಗೆ ಹೊಸ ಬಾವಿಯನ್ನು ತೋಡುವ ಮೊದಲು ಈ ಎರಡು ಸಾಲುಗಳನ್ನು ಬರೆದು ನೋಡುವುದು ಮೇಲು.