ಜನರೇಟರ್ ವ್ಯಾನಿಗೆ ಅರ್ಥಿಂಗ್ ಯಾಕೆ?



ನಾಚಾರಂ ಎಂದರೆ ಕೈಗಾರಿಕಾ ವಸಾಹತು ಎಂದಷ್ಟೇ ನಿಮಗೆ ಗೊತ್ತಿರಬಹುದು. ಎನ್.ಟಿ. ರಾಮರಾಯರ ರಾಮಕೃಷ್ಣ ಸ್ಟುಡಿಯೋ 1970ರ ದಶಕದಲ್ಲಿ ತಲೆಯೆತ್ತಿದ್ದೂ ಇಲ್ಲೇ. ಹೊರಾಂಗಣ ಚಿತ್ರೀಕರಣವೆಂದರೆ ಲೈಟುಗಳ ಹಿಂದೆಯೇ ಜನರೇಟರ್ ವ್ಯಾನ್ ಬರಬೇಕು. ಅಂಥ ವ್ಯಾನು ಮದುವೆಗೂ ಬರುತ್ತದೆ, ನಮ್ಮ ರಾಜ್ಯೋತ್ಸವಕ್ಕೂ ಬರುತ್ತದೆ. ವೇದಿಕೆಯ ಹಿಂದೆ ತಂತಿಗಳ ನಡುವೆ ಓಡಾಡುವವರು ನೀವೇ ತಾನೆ? ಅದಕ್ಕೇ ಈ ಮಾತು.

ಒಂದು ಕಾರ್ಯಕ್ರಮದಲ್ಲಿ ಮೈಕಿಗೆ ತುಟಿ ತಾಗಿದೊಡನೆ ನನಗೆ ಜುಮ್ಮೆಂದಿತು. "ವ್ಯಾನು ರಬ್ಬರ್ ಚಕ್ರದ ಮೇಲಿದೆ ಸಾರ್, ಅರ್ಥಿಂಗ್ ಬೇಡ" ಎಂದ ಆಪರೇಟರ್. ಇನ್ನೊಬ್ಬರು ನೆಲಕ್ಕೆ ಕಬ್ಬಿಣದ ಸಲಾಕೆ ಹೊಡೆದು, ವ್ಯಾನಿನ ಚಾಸಿಯಿಂದ ಅದಕ್ಕೊಂದು ತಂತಿ ಬಿಗಿದು, "ಇನ್ನು ಭಯವಿಲ್ಲ" ಎಂದರು. ಇಬ್ಬರದೂ ಅರ್ಧ ತಿಳಿವಳಿಕೆ.

ಕರೆಂಟಿಗೆ ಭೂಮಿಯ ಮೇಲೆ ಮೋಹವೇನಿಲ್ಲ. ಅದಕ್ಕೆ ಬೇಕಾದದ್ದು ತವರು, ಅಂದರೆ ಹೊರಟ ಜನರೇಟರಿಗೇ ಮರಳುವ ದಾರಿ. ಫೇಸ್ ತಂತಿ ಸುಲಿದು ಚಾಸಿಗೆ ತಾಗಿತೆನ್ನಿ. ನ್ಯೂಟ್ರಲ್ಲನ್ನು ಚಾಸಿಗೆ ಎಲ್ಲೂ ಕಟ್ಟಿಲ್ಲದಿದ್ದರೆ ಮರಳುವ ದಾರಿಯಿಲ್ಲ. ಎಂಸಿಬಿ ಬೀಳುವುದಿಲ್ಲ, ದೀಪಗಳು ಉರಿಯುತ್ತಲೇ ಇರುತ್ತವೆ, ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಎಲ್ಲೋ ನ್ಯೂಟ್ರಲ್ ತಂತಿ ಒದ್ದೆ ನೆಲಕ್ಕೆ ತಾಗಿದರೆ, ವ್ಯಾನು ಮುಟ್ಟಿದವನ ಮೈಯೇ ಆ ದಾರಿ!

ಸಲಾಕೆ ಸಾಲದೆ? ಲೆಕ್ಕ ಹಾಕೋಣ. ಹೈದರಾಬಾದಿನದು ಗ್ರಾನೈಟ್ ಬಂಡೆಯ ನೆಲ. ಬೇಸಿಗೆಯಲ್ಲಿ ಒಣಗಿದ ಮೇಲೆ ಕೇಳಬೇಕೆ? ಚಾಸಿಗೊಂದು, ನ್ಯೂಟ್ರಲ್ಲಿಗೊಂದು ಸಲಾಕೆ ಹೊಡೆದು, ಎರಡರ ನಡುವೆ ಒಟ್ಟು 20 ಓಮ್ ತಡೆ ಇದೆಯೆನ್ನಿ. 230 ವೋಲ್ಟಿಗೆ ಹರಿಯುವುದು 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಕದಲುವುದೇ ಇಲ್ಲ. ಅದೇ ನ್ಯೂಟ್ರಲ್ಲನ್ನು ಜನರೇಟರಿನ ಬಳಿಯೇ, ಒಂದೇ ಕಡೆ, ದಪ್ಪ ತಂತಿಯಿಂದ ಚಾಸಿಗೆ ಕಟ್ಟಿ, ವೇದಿಕೆಯ ಉಪಕರಣಗಳ ಹಸಿರು ತಂತಿಯನ್ನೆಲ್ಲ ಅಲ್ಲಿಗೇ ತಂದರೆ, ದೋಷವಾದಾಗ ದೊಡ್ಡ ಕರೆಂಟ್ ನುಗ್ಗಿ ಎಂಸಿಬಿ ಬೀಳುತ್ತದೆ. ಆ ಕಟ್ಟಿನಿಂದ ಮುಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಕಟ್ಟು ಇಲ್ಲದ ಕಡೆ ಅದನ್ನು ನಂಬುವಂತಿಲ್ಲ. ಸಲಾಕೆಯೂ ಇರಲಿ, ಆದರೆ ಅದೊಂದೇ ಸಾಲದು.

ಮನೆಯ ಜನರೇಟರ್ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರಿ. ಕರೆಂಟ್ ಹೋದಾಗ ಎರಡೂ ತುದಿಗೆ ಪ್ಲಗ್ ಇರುವ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ಮೇನ್ ಆಫ್ ಮಾಡಲು ಮರೆತರೆ, ಆ ಕರೆಂಟ್ ಹಿಮ್ಮುಖವಾಗಿ ಬೀದಿಯ ಟ್ರಾನ್ಸ್‌ಫಾರ್ಮರ್ ಸೇರಿ 11,000 ವೋಲ್ಟಿನವರೆಗೂ ಏರಬಲ್ಲದು. ಲೈನಿನಲ್ಲಿ ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿಗೂ ಹೆಂಡತಿ ಮಕ್ಕಳಿರುತ್ತಾರೆ. ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವಂಥದ್ದಾಗಿರಲಿ. ಬೀದಿಯ ನ್ಯೂಟ್ರಲ್ಲಿಗೆ ಟ್ರಾನ್ಸ್‌ಫಾರ್ಮರ್ ಬಳಿ ಆಗಲೇ ಅರ್ಥಿಂಗ್ ಆಗಿರುತ್ತದೆ. ಎರಡು ಕಡೆ ಕಟ್ಟಿದರೆ ಹಸಿರು ತಂತಿಯಲ್ಲೂ ಕರೆಂಟ್ ಓಡತೊಡಗುತ್ತದೆ.

ಮುಂದಿನ ಕಾರ್ಯಕ್ರಮಕ್ಕೆ ವ್ಯಾನು ಬಂದಾಗ, ನ್ಯೂಟ್ರಲ್ಲನ್ನು ಚಾಸಿಗೆ ಎಲ್ಲಿ ಕಟ್ಟಿದ್ದಾರೆಂದು ಕೇಳಿ. ನಿಮ್ಮ ತೆಲುಗು ನನ್ನದಕ್ಕಿಂತ ಚೆನ್ನಾಗಿದೆ, ನೀವೇ ಕೇಳಬೇಕು. ತೋರಿಸಲಾಗದಿದ್ದರೆ ಲೈಸೆನ್ಸ್ ಇರುವ ವೈರ್‌ಮನ್ ಬರುವವರೆಗೆ ಮೈಕ್ ಮುಟ್ಟಬೇಡಿ. ಸ್ವಾಗತ ಗೀತೆ ಅರ್ಧ ಗಂಟೆ ತಡವಾದರೆ ಕಮಿಟಿಯವರಿಗೆ ನಾನೇ ಹೇಳಿಕೊಳ್ಳುತ್ತೇನೆ.