ಹೊಟ್ಟೆ ಕಟ್ಟುವ ಬಟ್ಟೆ

ಎಮ್ಮೆದೊಡ್ಡಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬಚ್ಚಲ ಒಲೆ ಮಾತ್ರ ಆಗಲೇ ಎದ್ದು ಕೂತಿದೆ. ತೆಂಗಿನ ಮಟ್ಟೆ ಚಟಪಟ ಅನ್ನುತ್ತಾ ಉರಿಯುತ್ತಿದೆ, ಹೊಗೆ ಹಂಚಿನ ಸಂದಿಯಲ್ಲಿ ದಾರಿ ಹುಡುಕುತ್ತಿದೆ, ಹಂಡೆಯ ನೀರಿನಲ್ಲಿ ಲಕ್ಕಿ ಸೊಪ್ಪು ಕುದಿದು ಅದರ ಕಹಿಗಂಪು ಅಂಗಳದವರೆಗೂ ಬಂದಿದೆ. ಪಡುವಲಿಗೆ ಬಾಬಾಬುಡನ್ ಗಿರಿಸಾಲು ಮೋಡ ಹೊದ್ದು ಮಲಗಿದೆ. ಅಲ್ಲಿ ಸುರಿಯುವ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಹನಿಯಾಗಿರುತ್ತದೆ. ಗಿರಿಯ ನೀರು ಹರಿದು ತುಂಬಬೇಕಾದ ಮದಗದ ಕೆರೆ ಹತ್ತಿರದಲ್ಲೇ ಇದ್ದರೂ ಈ ಹೊಲಗಳು ಮೋಡದ ಮುಖ ನೋಡುತ್ತಲೇ ರಾಗಿ ಬಿತ್ತುತ್ತವೆ. ಹೆಸರೇ ಹೇಳುವಂತೆ ಇದು ದನ ಎಮ್ಮೆ ಕಟ್ಟಿ ಬದುಕಿದ ಸೀಮೆ.

ಬಾಣಂತಿಗೆ ಇಂದು ಹದಿನಾಲ್ಕನೆಯ ದಿನ. ಇಪ್ಪತ್ತೆರಡರ ಹುಡುಗಿ, ಚೊಚ್ಚಲ ಹೆರಿಗೆ, ತವರಿಗೆ ಬಂದಿದ್ದಾಳೆ. ನಾನು ಅವಳನ್ನೂ ಮಗುವನ್ನೂ ನೋಡಲು ಬಂದ ದೂರದ ನೆಂಟಳು. ಮಣೆಯ ಮೇಲೆ ಕಾಲು ಚಾಚಿ ಕೂತವಳ ಸೊಂಟಕ್ಕೆ ಅಜ್ಜಿ ಹರಳೆಣ್ಣೆ ತಿಕ್ಕುತ್ತಿದೆ. ಎಪ್ಪತ್ತು ದಾಟಿದ ಅಜ್ಜಿಯ ಬೆನ್ನು ಬಾಗಿ ಮುಖ ನೆಲವನ್ನೇ ನೋಡುತ್ತಿದೆ, ಆದರೆ ಹೆಬ್ಬೆರಳಿನ ಬಲ ಕುಂದಿಲ್ಲ. ಬೆನ್ನುಮೂಳೆಯ ಎರಡೂ ಬದಿಗೆ ಕೆಳಗಿಂದ ಮೇಲಕ್ಕೆ, ಮತ್ತೆ ಸೊಂಟದ ಕೀಲಿನ ಸುತ್ತ ವೃತ್ತವಾಗಿ ಕೈ ಆಡಿಸುತ್ತದೆ. ಹುಡುಗಿ ಒಮ್ಮೆ ಮುಲುಗಿ ಆಮೇಲೆ ಕಣ್ಣು ಮುಚ್ಚುತ್ತಾಳೆ. ಅವಳ ಅವ್ವ ಚೊಂಬು ಚೊಂಬಾಗಿ ಬಿಸಿನೀರು ಎರೆಯುತ್ತಾಳೆ. ಅವ್ವನಿಗೆ ನಲವತ್ತಾರು. ಕೊಡ ಎತ್ತುವಾಗ ಅವಳು ಒಂದು ಕ್ಷಣ ತುಟಿ ಕಚ್ಚಿ, ಎಡಗೈಯಲ್ಲಿ ಕಿಬ್ಬೊಟ್ಟೆ ಒತ್ತಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು.

ಮೈ ಒರೆಸಿ ಒಳಗೆ ತಂದು, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಆಮೇಲೆ ಹೊಟ್ಟೆ ಕಟ್ಟುವ ಕೆಲಸ. ಹಳೆಯ ನೂಲಿನ ಸೀರೆಯನ್ನು ಉದ್ದಕ್ಕೆ ಮಡಿಸಿ, ಒಂದು ತುದಿ ಅವ್ವ ಹಿಡಿದು, ಇನ್ನೊಂದನ್ನು ಅಜ್ಜಿ ಸುತ್ತುತ್ತಾ ಬರುತ್ತದೆ.

"ಬಿಗಿಯಾಗಿ ಎಳಿಯೇ. ಸಡಲ ಬಿಟ್ರೆ ಹೊಟ್ಟೆಗೆ ಗಾಳಿ ಹೊಕ್ಕತದೆ."

ಈ ಬಟ್ಟೆಯನ್ನು ಸರ್ಕಾರವೂ ಮರೆತಿರಲಿಲ್ಲ. 2007ರ ಸುಮಾರಿಗೆ ಕರ್ನಾಟಕದಲ್ಲಿ ಶುರುವಾದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಸೋಪು, ಕೊಬ್ಬರಿ ಎಣ್ಣೆ, ಮಗುವಿನ ಕುಲಾವಿಗಳ ಜೊತೆ ತಾಯಿಯ ಹೊಟ್ಟೆ ಕಟ್ಟುವ ಬಟ್ಟೆಯೂ ಇತ್ತು. ಯೋಜನೆ ರೂಪಿಸಿದವರ ಪೈಕಿ ಯಾರೋ ಬಾಣಂತಿಯ ಕೋಣೆಯನ್ನು ಹತ್ತಿರದಿಂದ ಕಂಡವರಿರಬೇಕು. ಒಂಬತ್ತು ತಿಂಗಳು ಹಿಗ್ಗಿದ ಹೊಟ್ಟೆಯ ಗೋಡೆಗೆ ಆ ಸುತ್ತು ಆಸರೆ ಕೊಡುತ್ತದೆ, ಎದ್ದು ಕೂರಲು ಧೈರ್ಯ ಕೊಡುತ್ತದೆ. ಅತಿ ಬಿಗಿಯಾದರೆ ಮಾತ್ರ ಒತ್ತಡವೆಲ್ಲ ಕೆಳಗಿಳಿಯುತ್ತದೆ. ಹಿಟ್ಟಿನ ಚೀಲದ ನಡು ಹಿಂಡಿದರೆ ಹಿಟ್ಟು ತಳಕ್ಕೆ ಒತ್ತುವುದಿಲ್ಲವೇ, ಹಾಗೆ. ಆ ತಳಕ್ಕೆ ನಮ್ಮ ಮನೆಗಳಲ್ಲಿ ಬಟ್ಟೆಯೂ ಇಲ್ಲ, ಎಣ್ಣೆಯೂ ಇಲ್ಲ, ಹೆಸರೂ ಇಲ್ಲ.

ನಡುಮನೆಯ ತೊಲೆಗೆ ಇನ್ನೊಂದು ಹಳೆಯ ಸೀರೆ ಇಳಿಬಿದ್ದಿದೆ. ಅದು ಮಗುವಿನ ಜೋಲಿ. ಆ ತಳ ಯಾವುದೆಂದು ಹೇಳಬೇಕಾದರೆ ನನಗೆ ಈ ಜೋಲಿಯೇ ಸಾಕು. ಮುಂದೆ ಕಿಬ್ಬೊಟ್ಟೆಯ ಕೆಳಗಿನ ಎಲುಬಿನಿಂದ ಹಿಂದೆ ಬಾಲದೆಲುಬಿನವರೆಗೆ, ಸೊಂಟದ ಗೂಡಿನ ಅಡಿಯಲ್ಲಿ, ಇಂಥದೇ ಒಂದು ಸ್ನಾಯುಗಳ ಜೋಲಿ ಕಟ್ಟಿದೆ. ಮೂತ್ರಚೀಲ, ಗರ್ಭಕೋಶ, ಮಲದ್ವಾರದ ಮೇಲಿನ ಕರುಳು ಅದರ ಮೇಲೆ ಕೂತಿರುತ್ತವೆ. ಫಿಸಿಯೋಥೆರಪಿಯವರು ಪೆಲ್ವಿಕ್ ಫ್ಲೋರ್ ಅನ್ನುವುದು ಇದನ್ನೇ. ಬಸುರಿನ ಭಾರವನ್ನು ತಿಂಗಳುಗಟ್ಟಲೆ ಹೊರುವುದು ಇದು. ಹೆರಿಗೆಯ ಹೊತ್ತಿನಲ್ಲಿ ತನ್ನ ಅಳತೆ ಮೀರಿ ಹಿಗ್ಗಿ ದಾರಿ ಬಿಡುವುದೂ ಇದೇ.

ದಾರಿ ಬಿಡಲು ಮೈಯನ್ನು ಒಳಗಿಂದಲೇ ಸಡಿಲಿಸುವ ರಸಗಳಿವೆ. 1926ರಲ್ಲಿ ಫ್ರೆಡರಿಕ್ ಹಿಸಾ ಎಂಬ ಅಮೆರಿಕದ ವಿಜ್ಞಾನಿ ಗಬ್ಬದ ಪ್ರಾಣಿಯ ರಕ್ತದ ತಿಳಿಯನ್ನು ಗಬ್ಬವಿಲ್ಲದ ಗಿನಿಯಿಲಿಗೆ ಚುಚ್ಚಿ ನೋಡಿದ. ಅದರ ಕಿಬ್ಬೊಟ್ಟೆಯೆಲುಬಿನ ಬಂಧ ಸಡಿಲಾಯಿತು. ಮುಂದೆ ಆ ಹಾರ್ಮೋನಿಗೆ ರಿಲಾಕ್ಸಿನ್ ಎಂದು ಹೆಸರು ಬಿತ್ತು. ಮನುಷ್ಯರಲ್ಲಿ ಕೀಲು ಸಡಿಲಾಗುವುದಕ್ಕೆ ಅದೊಂದೇ ಕಾರಣವಲ್ಲ, ಈಸ್ಟ್ರೋಜನ್, ಪ್ರೊಜೆಸ್ಟರಾನ್, ಭಾರ, ನಿಲುವು ಎಲ್ಲವೂ ಸೇರುತ್ತವೆ. "ಬಾಣಂತಿಯ ಕೀಲೆಲ್ಲ ಬಿಟ್ಟಿರ್ತವೆ, ಭಾರ ಎತ್ತಬ್ಯಾಡ" ಎಂದು ಅಜ್ಜಿ ಗದರುವುದು ಹಿಸಾನ ಹೆಸರು ಕೇಳದೆಯೇ ತಿಳಿದ ಮಾತು.

ಹೊರಗೆ ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು. ಅವ್ವ ಸೆರಗು ಸಿಕ್ಕಿಸಿಕೊಂಡು ಹೊರಟಳು, ನಾನೂ ಹಿಂದೆ ಹೋದೆ. ಎಮ್ಮೆ ಕರೆಯುವುದೆಂದರೆ ತಾಳ್ಮೆಯ ಕೆಲಸ, ಹಸುವಿನಷ್ಟು ಬೇಗ ಅದು ತೊರೆ ಬಿಡುವುದಿಲ್ಲ. ಮೊದಲು ಕರು ಬಿಡಬೇಕು. ಕರು ಗುದ್ದಿ ಗುದ್ದಿ ಚೀಪಿ, ಕೆಚ್ಚಲು ಬಿಗಿದು, ಮೊಲೆ ತುಂಬಿ ಬರುವವರೆಗೆ ಕಾಯಬೇಕು. ಅವ್ವ ಎಮ್ಮೆಯ ತೊಡೆ ಸವರುತ್ತಾ ಅದರ ಕಿವಿಗಷ್ಟೇ ಕೇಳುವಂತೆ ಏನೋ ಮಾತಾಡುತ್ತಿದ್ದಳು. ಅದೇ ಹೊತ್ತಿಗೆ ಒಳಗೆ ಮಗು ಅತ್ತಿತು, ಬಾಣಂತಿಯ ರವಿಕೆ ಒದ್ದೆಯಾಯಿತು. ಕೊಟ್ಟಿಗೆಯಲ್ಲೂ ಕೋಣೆಯಲ್ಲೂ ಹಾಲಿಳಿಸಿದ್ದು ಆಕ್ಸಿಟೋಸಿನ್ ಎಂಬ ಒಂದೇ ಹಾರ್ಮೋನು. ಒಂಬತ್ತೇ ಅಮೈನೋ ಆಮ್ಲಗಳ ಪುಟ್ಟ ಸರ. ಅದು ರಕ್ತಕ್ಕಿಳಿಯುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ. ಆ ಗ್ರಂಥಿಯ ಸಾರ ಗರ್ಭಕೋಶವನ್ನು ಕುಗ್ಗಿಸುತ್ತದೆ ಎಂದು ಹೆನ್ರಿ ಡೇಲ್ 1906ರಲ್ಲಿ ಕಂಡುಕೊಂಡ. ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ ಅನ್ನು ಪ್ರಯೋಗಾಲಯದಲ್ಲೇ ಕಟ್ಟಿ 1955ರ ನೊಬೆಲ್ ಪಡೆದ. ಮಗು ಚೀಪುವಾಗ ಬಾಣಂತಿಯ ಕಿಬ್ಬೊಟ್ಟೆ ಹಿಂಡಿದಂತೆ ನೋಯುವುದೂ ಇದರಿಂದಲೇ. ಹಾಲು ಇಳಿಸುವ ಹಾರ್ಮೋನೇ ಗರ್ಭಕೋಶವನ್ನು ಹಿಂಡಿ ಹಳೆಯ ಗಾತ್ರಕ್ಕೆ ತರುತ್ತಿರುತ್ತದೆ.

ಅವ್ವ ತನ್ನ ಅತ್ತಿಗೆಯೊಬ್ಬಳ ಕತೆ ಹೇಳಿದಳು. ಮಾಸು ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಗಾಡಿ ಕಟ್ಟಿ ಕಡೂರಿನ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗಲಿಲ್ಲ. ಗರ್ಭಕೋಶ ಕುಗ್ಗದಿದ್ದರೆ ಆಗುವುದು ಅದೇ. ಆಕ್ಸಿಟೋಸಿನ್ ಚುಚ್ಚಬೇಕಾದರೆ ಅದನ್ನು ತಂಪಿನಲ್ಲಿಟ್ಟಿರಬೇಕು, ಆ ಅನುಕೂಲವಿಲ್ಲದ ಹಳ್ಳಿಗಳಿಗೆ ಏನು ದಾರಿ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಅಧ್ಯಯನ ನಮ್ಮ ಬೆಳಗಾವಿಯಲ್ಲೇ ನಡೆಯಿತು. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಹಳ್ಳಿಯ 1,620 ಹೆರಿಗೆಗಳಲ್ಲಿ, ಕಿರಿಯ ಆರೋಗ್ಯ ಸಹಾಯಕಿಯರ ಕೈಯಿಂದಲೇ, ತಂಪು ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದದ್ದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ಸಲದ ಮಾತ್ರೆ, ಹಳ್ಳಿಯ ಒಬ್ಬ ನರ್ಸಮ್ಮ, ಹೆಚ್ಚುಕಡಿಮೆ ಅರ್ಧದಷ್ಟು ಅಪಾಯ ದೂರ. ಇಂಥ ಕೆಲಸವನ್ನು ನಾವು ಪಠ್ಯಪುಸ್ತಕದಲ್ಲಿ ಓದಬೇಕಿತ್ತು.

ಇಂದು ಹೆರಿಗೆಗೆ ಸಾಯುವ ಭಯ ಬಹಳ ಮಟ್ಟಿಗೆ ಹಿಂದೆ ಸರಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಹೆರಿಗೆಯಾದ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕು: ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನಗಳಂದು.

ಹತ್ತು ಗಂಟೆಗೆ ಆಕೆ ಬಂದಳು. ಗುಲಾಬಿ ಸೀರೆ, ಹೆಗಲಿಗೆ ಚೀಲ, ಚೀಲದಲ್ಲಿ ತಕ್ಕಡಿ. ಮಗುವನ್ನು ಜೋಲಿಯಿಂದ ತೆಗೆದು ತೂಗಿದಳು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಳು, ಹೊಕ್ಕುಳು ನೋಡಿದಳು. ಬಾಣಂತಿಯನ್ನು ಜ್ವರ ಇದೆಯಾ, ಹೊಲಿಗೆ ನೋವಿದೆಯಾ, ಎದೆ ಗಟ್ಟಿಯಾಗಿದೆಯಾ ಎಂದು ಕೇಳಿ ಬರೆದುಕೊಂಡಳು. ಹುಡುಗಿ ಇದ್ದಕ್ಕಿದ್ದಂತೆ ಅತ್ತುಬಿಟ್ಟಳು. ಕಾರಣ ಕೇಳಿದರೆ ಏನೂ ಇಲ್ಲ ಅಕ್ಕ ಅಂದಳು. ಆಶಾ ಅಕ್ಕ ಅವಸರ ಮಾಡಲಿಲ್ಲ, ಪೆನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಮಾಸು ಬಿದ್ದ ಕೆಲವೇ ದಿನಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಕಡಿದಾದ ಇಳಿಜಾರಿನಲ್ಲಿ ಇಳಿದುಬಿಡುತ್ತವೆ, ಜೊತೆಗೆ ನಿದ್ದೆಯಿಲ್ಲದ ರಾತ್ರಿಗಳು. ಮೊದಲ ಕೆಲವು ದಿನದ ಅಳು ಸಾಮಾನ್ಯ. ಎರಡು ವಾರ ಮೀರಿಯೂ ಮುಂದುವರಿದರೆ, ಊಟ ಮಗು ಏನೂ ಬೇಡವೆನಿಸಿದರೆ, ವೈದ್ಯರಿಗೆ ತೋರಿಸಬೇಕು. ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2017ರ ಒಂದು ವಿಶ್ಲೇಷಣೆ ನೂರು ತಾಯಂದಿರಲ್ಲಿ 22 ಮಂದಿಗೆ ಹೆರಿಗೆಯ ನಂತರದ ಖಿನ್ನತೆ ಇರಬಹುದೆಂದು ಹೇಳಿತು. ಬಾಣಂತಿ ಸನ್ನಿ ಎಂದು ಊರು ಹೆದರುತ್ತಿದ್ದ ತೀವ್ರ ಕಾಯಿಲೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಬೇರೆ ಮಾಡದೆ ಚಿಕಿತ್ಸೆ ಕೊಡುವ ಘಟಕವೇ ಇದೆ. ಆಶಾ ಅಕ್ಕ ಮನೆಯ ಗಂಡಸರನ್ನು ಕರೆದು, ಅಳಿಯನಿಗೆ ಫೋನ್ ಮಾಡಿಸಿ, ರಾತ್ರಿ ಮಗುವನ್ನು ಎತ್ತಿಕೊಳ್ಳುವ ಪಾಳಿ ಯಾರದ್ದೆಂದು ಗೊತ್ತು ಮಾಡಿದಳು. ಇಪ್ಪತ್ತೊಂದನೆಯ ದಿನ ಬಂದಾಗ ಮತ್ತೆ ಕೇಳ್ತೀನಿ ಎಂದಳು.

ಚೀಲ ಎತ್ತಿಕೊಂಡು ಹೊರಟವಳನ್ನು ಅವ್ವ ಹಿತ್ತಲ ಬೇಲಿಯವರೆಗೂ ಹಿಂಬಾಲಿಸಿದಳು. ಅಲ್ಲಿ ನಿಂತು ತಂಗಡಿ ಗಿಡದ ಎಲೆ ಕೀಳುತ್ತಾ, ಮುಖ ನೋಡದೆ ಹೇಳಿದಳು:

"ಅಕ್ಕಾ, ಕೊಡ ಎತ್ತಿದ್ರೆ, ಕೆಮ್ಮಿದ್ರೆ ಸೀರೆ ಒದ್ದೆಯಾಗ್ತದೆ. ಸಂಜೆ ಹೊತ್ಗೆ ಕೆಳಗೆ ಏನೋ ಇಳದಂಗೆ ಆಗ್ತದೆ. ನಾಕು ವರ್ಷ ಆತು. ಎಲ್ರೂ ಗರ್ಭಕೋಸ ತೆಗಸಿಬಿಡು ಅಂತಾರೆ."

ನಾಲ್ಕು ವರ್ಷ! ಎಮ್ಮೆ ಈಯುವಾಗ ಮೈ ಹೊರಬಂದರೆ ಇದೇ ಅವ್ವ ಊರ ತುಂಬ ಕೂಗಿ ಪಶುವೈದ್ಯರನ್ನು ಕರೆಸುತ್ತಾಳೆ, ನಾಚಿಕೆಯ ಮಾತೇ ಇರುವುದಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ದನದ ತಳಿಗೆ ಒಂದು ಕೇಂದ್ರವನ್ನೇ ಕಾಪಾಡಿಕೊಂಡು ಬಂದ ಸೀಮೆಯಿದು. ಹಸುವಿನ ಗಬ್ಬ, ಬೆದೆ, ಕೆಚ್ಚಲು ಪ್ರತಿಯೊಂದಕ್ಕೂ ಇಲ್ಲಿ ಮಾತುಂಟು. ಅವ್ವನ ಮೈಗೆ ಮಾತ್ರ ಬೇಲಿಯ ಮರೆ ಬೇಕಾಯಿತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಗರ್ಭಕೋಶ ಜಾರುವುದು, ಮೂತ್ರ ಸೋರುವುದು ಇದ್ದಕ್ಕಿದ್ದಂತೆ ಆಗುವಂಥದಲ್ಲ. ಹೆರಿಗೆಗಳಲ್ಲಿ ಹಿಗ್ಗಿದ ಜೋಲಿ ಮತ್ತೆ ಬಿಗಿಯಾಗುವ ಮುನ್ನವೇ ಹುಲ್ಲಿನ ಹೊರೆ, ನೀರಿನ ಕೊಡ, ಕುಕ್ಕರುಗಾಲಲ್ಲಿ ಕಳೆ ತೆಗೆಯುವುದು. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಂತೆ ಈಸ್ಟ್ರೋಜನ್ ಇಳಿದು ಆ ಭಾಗದ ಪದರಗಳು ತೆಳುವಾಗುತ್ತವೆ, ಬಲ ಕಳೆದುಕೊಳ್ಳುತ್ತವೆ. ಅದಕ್ಕೆ ಗರ್ಭಕೋಶವನ್ನೇ ಕಿತ್ತರೆ ಜೋಲಿ ಬಿಗಿಯಾಗುವುದಿಲ್ಲ. ಅದರ ಜಾಗದಲ್ಲಿ ಉಳಿದ ಅಂಗಗಳು ಜಾರಬಹುದು. ಅಂಡಾಶಯವನ್ನೂ ತೆಗೆದರಂತೂ ಈಸ್ಟ್ರೋಜನ್ ದಿಢೀರನೆ ಕುಸಿದು ಎಲುಬು ಸವೆಯತೊಡಗುತ್ತದೆ. ನಮ್ಮ ದೇಶದಲ್ಲಿ ಐವತ್ತು ತುಂಬದ ನೂರು ಹೆಂಗಸರಲ್ಲಿ ಮೂವರ ಗರ್ಭಕೋಶ ಆಗಲೇ ತೆಗೆದಾಗಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು ಅನಗತ್ಯ ಶಸ್ತ್ರಚಿಕಿತ್ಸೆಯ ವಿರುದ್ಧ 2015ರ ಸುಮಾರಿಗೆ ದನಿ ಎತ್ತಿದರು. ಇದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶಸ್ತ್ರಚಿಕಿತ್ಸೆ ನಿಜವಾಗಿ ಬೇಕಾದವರೂ ಇದ್ದಾರೆ, ಆದರೆ ಅದು ಮೊದಲ ಮಾತಾಗಬಾರದು.

ಮೊದಲ ಮಾತು ಬಹಳ ಸರಳ. ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯ 1948ರಲ್ಲಿ ಈ ಸ್ನಾಯುಗಳಿಗೇ ಒಂದು ವ್ಯಾಯಾಮ ಬರೆದ. ಕೆಮ್ಮಿದರೆ, ಭಾರ ಎತ್ತಿದರೆ ಮೂತ್ರ ಸೋರುವವರ ಮೇಲೆ ನಡೆದ ಪರೀಕ್ಷೆಗಳನ್ನು 2018ರ ಕಾಕ್ರೇನ್ ಸಮೀಕ್ಷೆ ಒಟ್ಟುಗೂಡಿಸಿತು. ಆ ವ್ಯಾಯಾಮ ಮಾಡಿದ ನೂರರಲ್ಲಿ 56 ಮಂದಿ ಗುಣವಾಯಿತೆಂದರು, ಮಾಡದವರಲ್ಲಿ ಹಾಗೆಂದವರು 6. ಜಾರಿದ ಗರ್ಭಕೋಶದ ತೊಂದರೆಯೂ ಇದರಿಂದ ತಗ್ಗುತ್ತದೆಂದು 447 ಹೆಂಗಸರ ಮೇಲಿನ 2014ರ ಪ್ರಯೋಗ ತೋರಿಸಿತು. ಔಷಧಿಯಿಲ್ಲ, ಯಂತ್ರವಿಲ್ಲ. ಬೇಕಾದದ್ದು ಹೇಳಿಕೊಡುವ ಒಬ್ಬ ಹೆಂಗಸು, ಮೂರು ತಿಂಗಳ ತಾಳ್ಮೆ. ಆರು ಭೇಟಿಗಳ ಆ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಸಿಕ್ಕರೆ, ಮೆಣಸಿನ ಸಾರಿನಷ್ಟೇ ಸಹಜವಾಗಿ ಇದು ಬಾಣಂತನದ ಭಾಗವಾಗುತ್ತಿತ್ತು.

ಆಶಾ ಅಕ್ಕ ಬೇಲಿಯ ಬಳಿಯೇ ಚೀಲ ಇಳಿಸಿದಳು. ಎಲ್ಲೋ ತರಬೇತಿಯಲ್ಲಿ ಫಿಸಿಯೋಥೆರಪಿ ಮೇಡಂ ಹೇಳಿದ್ದು ಅವಳಿಗೆ ನೆನಪಿತ್ತು. "ನಾಳೆ ಬೆಳಗಿನ ಬಸ್ಸಿಗೆ ಕಡೂರಿಗೆ ಹೋಗಿ ಡಾಕ್ಟ್ರಮ್ಮಂಗೆ ತೋರ್ಸಣ, ನಾನೇ ಬರ್ತೀನಿ. ಎಷ್ಟು ಜಾರೈತೆ ಅಂತ ಅವ್ರು ನೋಡ್ಲಿ. ಅಲ್ಲೀವರೆಗೂ ಇದನ್ನ ಕಲಿ" ಎಂದು ಒಳಗೆ ಕರೆತಂದಳು. ಬಾಣಂತಿಯನ್ನೂ ಮಲಗಿದ್ದಲ್ಲೇ ಸೇರಿಸಿಕೊಂಡಳು.

"ಜನದ ಮಧ್ಯೆ ಗಾಳಿ ಹೋಗ್ದಂಗೆ ತಡ್ಕೊಂತೀವಲ್ಲ, ಹಂಗೆ ಒಳಕ್ಕೆ ಮೇಲಕ್ಕೆ ಎಳ್ಕೋ. ಉಸ್ರು ಕಟ್ಟಬ್ಯಾಡ. ಹೊಟ್ಟೆ, ತೊಡೆ ಬಿಗಿಬ್ಯಾಡ. ಐದು ಎಣಿಸು, ನಿಧಾನಕ್ಕೆ ಬಿಡು. ಹಂಗೆ ಹತ್ತು ಸಲ. ದಿನಕ್ಕೆ ಮೂರೊತ್ತು." ಬಾಣಂತಿಯ ಕಡೆ ತಿರುಗಿ, "ನೋವಾದ್ರೆ ನಿಲ್ಸು, ನಿಂಗೆ ಮೂರು ಎಣಿಸಿದ್ರೂ ಸಾಕು. ಆ ಹೊಟ್ಟೆ ಬಟ್ಟೇನೂ ಒಂಚೂರು ಸಡ್ಲ ಮಾಡು" ಎಂದಳು.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆಮೇಲೆ ಇಬ್ಬರ ಮುಖವೂ ಗಂಭೀರವಾಯಿತು. ತುಟಿಗಳು ಸದ್ದಿಲ್ಲದೆ ಎಣಿಸುತ್ತಿದ್ದವು. ಜೋಲಿ ತನ್ನಷ್ಟಕ್ಕೆ ತೂಗುತ್ತಿತ್ತು.

ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದ ಅಜ್ಜಿ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಬೆಳಗ್ಗೆ ತಾನೇ ಬಿಗಿದ ಗಂಟನ್ನು ಮೊಮ್ಮಗಳು ಸಡಿಲಿಸುವುದನ್ನೂ ಸುಮ್ಮನೆ ನೋಡಿತು.

"ನಂಗೂ ಹಿಂಗೇ ಐತೆ ಕಣವ್ವ" ಎಂದಿತು ಕೊನೆಗೆ. "ಇವ್ಳ ಗಂಡ ಹುಟ್ದಾಗ್ಲಿಂದ."

ಐವತ್ತು ವರ್ಷ. ಯಾರೂ ಏನೂ ಅನ್ನಲಿಲ್ಲ. ಸೊಸೆ ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು.

ಅಜ್ಜಿ ಸೀರೆಯ ನೆರಿಗೆ ಮಂಡಿಯಡಿಗೆ ಸಿಕ್ಕಿಸಿಕೊಂಡು, ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ ಗೋಡೆಗೆ ಆನಿಸಿತು.

"ಈ ವಯಸ್ನಾಗೆ ಎಷ್ಟು ಎಣಿಸ್ಬೇಕು?"